ಬಾವಿ ನೀರು ಕಾರ್ಪೊರೇಶನ್ ಪೈಪಿಗೆ ಹೋಗುತ್ತಿದೆಯೇ? ಎನ್‌ಆರ್‌ವಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಬೋಳೂರಿನಲ್ಲಿ. ಕಾರ್ಪೊರೇಶನ್ ನೀರಿದೆ, ಅಂಗಳದಲ್ಲಿ ಬಾವಿಯೂ ಇದೆ. ಪ್ಲಂಬರ್ ಬಾವಿ ಪಂಪಿನ ಪೈಪನ್ನು ಕಾರ್ಪೊರೇಶನ್ ಪೈಪಿಗೇ ಸೇರಿಸಿ, ಎರಡೂ ನೀರು ಒಂದೇ ಪೈಪಿನಲ್ಲಿ ಟೆರೇಸಿನ ಟ್ಯಾಂಕಿಗೆ ಹೋಗುವ ಹಾಗೆ ಮಾಡಿದ್ದಾರೆ. ಮೀಟರಿನ ಕಡೆಗೆ ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್) ಇದೆ. ಈಚೆಗೆ ಪಂಪು ಹಾಕಿದಾಗ ಮೀಟರು ಹಿಂದಕ್ಕೆ ತಿರುಗಿದ್ದನ್ನು ಮಗ ನೋಡಿದ್ದಾನೆ. ಪಕ್ಕದ ಮನೆಯವರು ನಳ್ಳಿಯಲ್ಲಿ ಕೆಂಪು ನೀರು ಬರುತ್ತದೆ ಎನ್ನುತ್ತಿದ್ದಾರೆ. ಎನ್‌ಆರ್‌ವಿ ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮೀಟರು ಹಿಂದಕ್ಕೆ ತಿರುಗಿದ್ದು ನಿಜವಾದರೆ ಎನ್‌ಆರ್‌ವಿ ಹಿಡಿಯುತ್ತಿಲ್ಲ, ನಿಮ್ಮ ಬಾವಿ ನೀರು ಬೀದಿಯ ಪೈಪಿಗೆ ಹೋಗುತ್ತಿದೆ. ಇವತ್ತೇ ಮೀಟರಿನ ಹತ್ತಿರದ ಗೇಟ್ ವಾಲ್ವ್ ಬಂದ್ ಮಾಡಿ. ಜೋಡಣೆ ಬೇರೆ ಮಾಡಿಸುವವರೆಗೆ ಗೇಟ್ ವಾಲ್ವ್ ತೆರೆದಿಟ್ಟು ಪಂಪು ಹಾಕಲೇಬೇಡಿ.

ಎನ್‌ಆರ್‌ವಿಯನ್ನು ಪರೀಕ್ಷಿಸಲು ಗೇಟ್ ವಾಲ್ವ್ ಮತ್ತು ಎನ್‌ಆರ್‌ವಿಯ ನಡುವೆ ಒಂದು ಅರ್ಧ ಇಂಚಿನ ನಳ್ಳಿ ಬೇಕು. ಇಲ್ಲದಿದ್ದರೆ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿಸಿ ಕೂರಿಸಿ, ದೊಡ್ಡ ಖರ್ಚೇನಲ್ಲ. ಗೇಟ್ ವಾಲ್ವ್ ಮುಚ್ಚಿ ಆ ನಳ್ಳಿ ತೆರೆಯಿರಿ. ನಡುವೆ ಉಳಿದ ನೀರು ಖಾಲಿಯಾಗಿ ನಳ್ಳಿ ಒಣಗಬೇಕು. ಒಣಗದೆ ಸಣ್ಣಗೆ ಸುರಿಯುತ್ತಲೇ ಇದ್ದರೆ, ಗೇಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಥವಾ ಎನ್‌ಆರ್‌ವಿ ಆಗಲೇ ಬಿಡುತ್ತಿದೆ. ಹಾಗಾಗಿ ಬೀದಿಯಲ್ಲಿ ನೀರು ಬರದ ಹೊತ್ತನ್ನೇ ಆರಿಸಿಕೊಂಡರೆ ಗೊಂದಲ ಕಡಿಮೆ. ನಳ್ಳಿ ಒಣಗಿದ ಮೇಲೆ ಬಾವಿ ಪಂಪು ಹಾಕಿ. ಒಂದು ಹನಿಯೂ ಬರಬಾರದು.

ಹೆಚ್ಚಿನ ಪ್ಲಂಬರುಗಳು ಇಷ್ಟಕ್ಕೇ ‘ಓಕೆ’ ಅನ್ನುತ್ತಾರೆ. ಅದು ಅರ್ಧ ಪರೀಕ್ಷೆ ಮಾತ್ರ. ಪಂಪಿನ ಒತ್ತಡ ಜೋರಾಗಿದ್ದಾಗ ವಾಲ್ವಿನ ಒಳಗಿನ ಮುಚ್ಚಳ ತಾನು ಕೂರುವ ಅಂಚಿಗೆ, ಅಂದರೆ ಸೀಟಿಗೆ, ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಹಾಳಾದ ವಾಲ್ವು ಕೂಡ ಆಗ ಪಾಸಾಗಿಬಿಡಬಹುದು. ಬಣ್ಣ ಬಯಲಾಗುವುದು ಒತ್ತಡ ಕಡಿಮೆ ಇದ್ದಾಗ. ಆದ್ದರಿಂದ ಪಂಪು ನಿಲ್ಲಿಸಿ, ಬಾವಿ ಕಡೆಯ ವಾಲ್ವ್ ಮುಚ್ಚಿ, ಟ್ಯಾಂಕಿಗೆ ಏರುವ ಪೈಪಿನಲ್ಲಿ ನಿಂತ ನೀರಿನ ಭಾರವೊಂದನ್ನೇ ಎನ್‌ಆರ್‌ವಿ ಮೇಲೆ ಬಿಟ್ಟು ಕಾಲು ಗಂಟೆ ಕಾಯಿರಿ. 8 ಮೀಟರ್ ಎತ್ತರದ ಪೈಪಾದರೆ ಚದರ ಸೆಂಟಿಮೀಟರಿಗೆ 0.8 ಕಿಲೋ ಒತ್ತಡ. ಒಂದಿಂಚಿನ ಆ ಪೈಪಿನಲ್ಲಿ ನಿಲ್ಲುವುದು ನಾಲ್ಕು ಲೀಟರಿನಷ್ಟು ನೀರು. ಹನಿ ಬಂದು ಆಮೇಲೆ ನಿಂತಿತೆಂದು ಸಮಾಧಾನಪಡಬೇಡಿ. ಪೈಪು ಖಾಲಿಯಾಗಿ ನಿಂತಿರಬಹುದು. ನಳ್ಳಿಯ ಕೆಳಗೆ ಬಕೆಟು ಇಟ್ಟು ಎಷ್ಟು ನೀರು ಬಂತು ನೋಡಿ.

ಬಿಚ್ಚಿ ನೋಡಿದರೆ ಸೀಟಿನ ಮೇಲೆ ಮುರಕಲ್ಲಿನ ಸಣ್ಣ ಮರಳೋ ಕಬ್ಬಿಣದ ಕೆಂಪು ಗಸಿಯೋ ಕೂತಿರುತ್ತದೆ. ಒರೆಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಮುಚ್ಚಳದ ರಬ್ಬರು ಗಟ್ಟಿಯಾಗಿದ್ದರೆ ಬದಲಿಸುವುದೇ ಒಳ್ಳೆಯದು. ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇದೆಯೇ ನೋಡಿ. ಉಲ್ಟಾ ಕೂರಿಸಿದ ವಾಲ್ವುಗಳನ್ನೂ ಬೇಕಾದಷ್ಟು ಕಂಡಿದ್ದೇನೆ.

ನೀರು ಬೆರೆತಿದೆಯೋ ಇಲ್ಲವೋ ತಿಳಿಯಲು ಇನ್ನೊಂದು ದಾರಿ ಕ್ಲೋರಿನ್. ಬಿಐಎಸ್ ಮಾನಕ ಐಎಸ್ 10500 ಪ್ರಕಾರ ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಬಳಕೆದಾರರ ನಳ್ಳಿಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಹಾಕದ ಬಾವಿ ನೀರಿನಲ್ಲಿ ಅದು ಇರುವುದಿಲ್ಲ. ನೀರು ಬರುವ ದಿನ ಪಕ್ಕದ ಮನೆಯ ನಳ್ಳಿಯಲ್ಲಿ ಮೊದಲು ಬಂದ ನೀರಿಗೂ ಅರ್ಧ ಗಂಟೆ ಬಿಟ್ಟು ಬಂದ ನೀರಿಗೂ ಕ್ಲೋರಿನ್ ಪರೀಕ್ಷೆಯ ಕಿಟ್‌ನ ಹನಿ ಹಾಕಿ ಬಣ್ಣ ಹೋಲಿಸಿ. ಮೊದಲಿನದ್ದಕ್ಕೆ ಬಣ್ಣವೇ ಬರದೆ, ಅದರ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ನಿಮ್ಮ ಬಾವಿ ನೀರಿನದಕ್ಕೆ ಹತ್ತಿರ ಇದ್ದರೆ ಅನುಮಾನ ಬಲವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ: ಎನ್‌ಆರ್‌ವಿ ಎಷ್ಟೇ ಚೆನ್ನಾಗಿರಲಿ, ಈ ಜೋಡಣೆ ಇರಕೂಡದು. ಕುಡಿಯುವ ನೀರಿನ ಪೈಪಿಗೂ ಬೇರೆ ನೀರಿನ ಪೈಪಿಗೂ ನೇರ ಸಂಪರ್ಕ ಕೂಡದು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೆ. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು 2019ರ ಬೇಸಿಗೆಯಲ್ಲಿ ಆದಂತೆ ರೇಷನಿಂಗ್ ಬಂದರೆ ಬೀದಿಯ ಪೈಪು ಖಾಲಿಯಾಗುತ್ತದೆ. ತಗ್ಗಿನಲ್ಲಿ ನೀರು ಇಳಿದುಹೋಗುವಾಗ ಎತ್ತರದಲ್ಲಿರುವ ಮನೆಗಳಿಂದ ಅದು ನೀರನ್ನು ಎಳೆದುಕೊಳ್ಳುತ್ತದೆ. ಎಳೆಯುವಾಗ ಚರಂಡಿ ಪಕ್ಕದ ಬಿರುಕೂ ಒಂದೇ, ನಿಮ್ಮ ಬಾವಿಯೂ ಒಂದೇ.

ಕಾರ್ಪೊರೇಶನ್ ನೀರನ್ನು ಸಂಪಿಗೆ ಬಿಡಿ, ಬಾವಿ ನೀರನ್ನು ಬೇರೆ ಪೈಪಿನಲ್ಲಿ ಟ್ಯಾಂಕಿಗೆ ಏರಿಸಿ. ಸಂಪಿನಲ್ಲಿ ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಪೈಪಿನ ವ್ಯಾಸದ ಎರಡರಷ್ಟು ಮೇಲಿರಬೇಕು, ಕಡಿಮೆಯೆಂದರೂ ಒಂದು ಇಂಚು. ನೀರು ಬೀಳುವ ಸದ್ದು ಬೇಡವೆಂದು ಪೈಪನ್ನು ನೀರಿನೊಳಗೆ ಇಳಿಸುವವರಿದ್ದಾರೆ; ಅದೊಂದನ್ನು ಮಾಡಬೇಡಿ. ಈ ಗಾಳಿಯ ಅಂತರಕ್ಕೆ ವಾಷರ್ ಇಲ್ಲ, ಸ್ಪ್ರಿಂಗ್ ಇಲ್ಲ, ಹಾಳಾಗುವ ಭಾಗವೇ ಇಲ್ಲ. ಆಗಾಗ ಸಂಪಿನ ಮುಚ್ಚಳ ತೆರೆದು ಕಣ್ಣಿನಲ್ಲಿ ನೋಡಿದರೆ ಸಾಕು.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು 24 ಫ್ಲ್ಯಾಟಿನ ಕಟ್ಟಡ. ನಗರಸಭೆಯ ನೀರು ಸಂಪಿಗೆ ಬರುತ್ತದೆ. ಗಲ್ಫ್‌ನಿಂದ ಬಂದ ಸದಸ್ಯರೊಬ್ಬರು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಆರ್‌ಪಿಝಡ್ ವಾಲ್ವ್ ಹಾಕಿಸಿ, ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು ಎನ್ನುತ್ತಾರೆ. ಬೇಕೇ?

ಉತ್ತರ: ಸಂಪಿನಲ್ಲಿ ಮೇಲೆ ಹೇಳಿದ ಅಂತರ ಇದ್ದರೆ ಬೇಡ. ಆದರೆ ಅವರು ಹೇಳುವುದರಲ್ಲಿ ಹುರುಳಿದೆ: ಎರಡು ಚೆಕ್ ವಾಲ್ವ್ (ಎನ್‌ಆರ್‌ವಿ), ನಡುವೆ ನೀರನ್ನು ಹೊರಗೆ ಚೆಲ್ಲುವ ಒಂದು ರಿಲೀಫ್ ವಾಲ್ವ್ ಇರುವ ಈ ಸಾಧನವನ್ನು ಬ್ರಿಟನ್ನಿನಲ್ಲೂ ಅಮೆರಿಕದ ಬಹುತೇಕ ಕಡೆಗಳಲ್ಲೂ ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಅದಕ್ಕೆ ಬಕೆಟು ಸಾಲದು, ಒತ್ತಡದ ವ್ಯತ್ಯಾಸ ತೋರಿಸುವ ಗೇಜು ಬೇಕು. ವಾಲ್ವಿನ ಮೈಮೇಲಿನ ಪುಟ್ಟ ಟೆಸ್ಟ್ ಕಾಕುಗಳಿಗೆ ಅದರ ಮೆದುಗೊಳವೆ ಜೋಡಿಸಿ, ಒಳಬರುವ ನೀರಿಗೂ ನಡುವಿನ ಕೋಣೆಗೂ ಇರುವ ವ್ಯತ್ಯಾಸವನ್ನು ನಿಧಾನಕ್ಕೆ ಇಳಿಸುತ್ತಾರೆ. ವ್ಯತ್ಯಾಸ 2 ಪಿಎಸ್‌ಐಗೆ (ಪಿಎಸ್‌ಐ ಒತ್ತಡದ ಅಳತೆ) ಇಳಿಯುವ ಮೊದಲೇ ರಿಲೀಫ್ ವಾಲ್ವ್ ತೆರೆದು ನೀರು ಹೊರಗೆ ಚೆಲ್ಲಬೇಕು. ಚೆಲ್ಲದಿದ್ದರೆ ಫೇಲ್.

ಆರ್‌ಪಿಝಡ್ 10 ಪಿಎಸ್‌ಐಯಷ್ಟು, ಅಂದರೆ ಏಳು ಮೀಟರ್ ಎತ್ತರಕ್ಕೆ ಸಮನಾದ ಒತ್ತಡವನ್ನೇ ನುಂಗಬಲ್ಲದು. ಬೇಸಿಗೆಯಲ್ಲಿ ಸಂಪಿಗೇ ಸಣ್ಣಗೆ ಬರುವ ನೀರಿಗೆ ಇದನ್ನು ಅಡ್ಡ ಇಟ್ಟರೆ ಸಂಪು ತುಂಬಲಿಕ್ಕಿಲ್ಲ. ಆಸ್ಪತ್ರೆ, ಲಾಂಡ್ರಿ, ಪೈಪಿಗೆ ರಾಸಾಯನಿಕ ಸೇರಿಸುವ ಘಟಕಗಳಲ್ಲಿ ಅದರ ಮಾತೇ ಬೇರೆ. ಅಲ್ಲೂ ನೆಲದಿಂದ ಕಡಿಮೆಯೆಂದರೆ ಒಂದಡಿ ಮೇಲೆ ಕೂರಿಸಬೇಕು. ಗುಂಡಿಯಲ್ಲಿಟ್ಟರೆ ಜೂನಿನ ಮೊದಲ ಜೋರು ಮಳೆಗೇ ರಿಲೀಫ್ ವಾಲ್ವಿನ ಬಾಯಿ ಕೆಸರು ನೀರಿನಲ್ಲಿ ಮುಳುಗುತ್ತದೆ.