ಡ್ರೈನಿಗೆ ಪ್ರೆಶರ್ ಹೊಡೆಯೋದನ್ನ ಮೊದಲು ನಿಲ್ಲಿಸಿ

ಸರ್, ಮಾಂಸ ಕತ್ತರಿಸೋ ಸ್ಲೈಸರ್ ಮೆಷಿನ್ ತೊಳೆದಾದ ಮೇಲೆ ಡ್ರೈನಿಗೆ ಪ್ರೆಶರ್ ಪೈಪ್ ಹಿಡೀತೀವಿ, ಕ್ಲೋರಿನ್ ಡಬಲ್ ಮಾಡಿದೀವಿ, ಆದ್ರೂ ಲಿಸ್ಟೀರಿಯಾ (ಆಹಾರದಿಂದ ಕಾಯಿಲೆ ತರೋ ಬ್ಯಾಕ್ಟೀರಿಯಾ) ಪಾಸಿಟಿವ್ ಅಂದಿದೀರಿ. ಬರದೇ ಇನ್ನೇನು? ನಾನೂ ಇದೇ ತಪ್ಪು ಮಾಡಿದವನು, ಅದಕ್ಕೇ ಬೈತಿರೋದು. ಪ್ರೆಶರ್ ಹೊಡೆದಾಗ ಡ್ರೈನ್ ಒಳಗಿನ ಲೋಳೆ ಸಣ್ಣ ಹನಿಯಾಗಿ ಎದ್ದು, ತೊಳೆದಿಟ್ಟ ಬ್ಲೇಡ್ ಮೇಲೇ ಕೂರುತ್ತೆ. ಡ್ರೈನಿಗೆ ಬೇರೆ ಬಣ್ಣದ ಬ್ರಶ್, ಅದೂ ಡ್ರೈನ್ ಬಾಯಿಗಿಂತ ಸ್ವಲ್ಪ ಸಣ್ಣದು. ಅದನ್ನ ಮೆಷಿನ್ ಹತ್ತಿರ ತರಲೇಬೇಡಿ.

ಕ್ಲೋರಿನ್ ಡಬಲ್ ಮಾಡಿ ಏನೂ ಆಗಲ್ಲ. ಕೊಬ್ಬು, ರಕ್ತ ಉಳಿದಿದ್ರೆ ಅದೇ ಕ್ಲೋರಿನ್ ತಿಂದು ಮುಗಿಸುತ್ತೆ. ಮೇಲಾಗಿ ಸ್ಟೀಲ್‌ನಲ್ಲಿ ಗುಳಿ ಬೀಳುತ್ತೆ, ಆ ಗುಳಿಯಲ್ಲೇ ಲೋಳೆ ಕಟ್ಟೋದು. ಮೊದಲು ಚೂರುಗಳನ್ನ ಒಣದಾಗಿ ತೆಗೀರಿ, ಆಮೇಲೆ ಬೆಚ್ಚಗಿನ ನೀರು. 55 ಡಿಗ್ರಿ ದಾಟಿದ್ರೆ ಪ್ರೋಟೀನ್ ಬೆಂದು ಸ್ಟೀಲಿಗೆ ಅಂಟುತ್ತೆ. ಆಲ್ಕಲೈನ್ ಫೋಮ್ (ಕ್ಷಾರದ ಕ್ಲೀನರ್ ನೊರೆ) 10-15 ನಿಮಿಷ, ಒಣಗೋಕೆ ಬಿಡದೆ ಉಜ್ಜಿ. ಪೂರ್ತಿ ಜಾಲಿಸಿ, ಟಾರ್ಚ್ ಹಿಡಿದು ನೋಡಿ, ಆಮೇಲಷ್ಟೇ 200 ಪಿಪಿಎಂ ಕ್ವಾಟ್ (ಅಮೋನಿಯಂ ಜಾತಿಯ ಸ್ಯಾನಿಟೈಸರ್). ಸೋಪು ಉಳಿದ್ರೆ ಕ್ವಾಟ್ ಸತ್ತ ಹಾಗೆ. ದುಬಾರಿ ಲೇಬಲ್ ನೋಡಿ ಮರುಳಾಗಬೇಡಿ, ಒಳಗಿರೋ ಆಕ್ಟಿವ್, ಅಂದ್ರೆ ನಿಜವಾಗಿ ಕೆಲಸ ಮಾಡೋ ಅಂಶ ಓದಿ. ಆಸಿಡ್ ಕ್ಲೀನರ್ ಜೊತೆ ಕ್ಲೋರಿನ್ ಬೆರೆಸೀರಿ ಜೋಕೆ, ವಿಷಗಾಳಿ ಏಳುತ್ತೆ.

ಇಷ್ಟಾದ್ರೂ ಪಾಸಿಟಿವ್ ಅಂದ್ರೆ ಅದು ಮೆಷಿನ್ ಹೊಟ್ಟೆಯೊಳಗಿದೆ. ಬ್ಲೇಡ್ ಗಾರ್ಡ್, ಸೀಳಿದ ಗ್ಯಾಸ್ಕೆಟ್, ಟೊಳ್ಳು ರೋಲರ್, ಬೋಲ್ಟ್ ಕೆಳಗಿನ ಸಂದು, ಎಲ್ಲ ಬಿಚ್ಚಿ. ಬಿಚ್ಚೋಕೆ ಬರದ ಭಾಗಕ್ಕೆ ನನ್ನ ಭರವಸೆ ಹಬೆ ಮೇಲೆ. ಟಾರ್ಪಾಲಿನ್ ಮುಚ್ಚಿ, ಅಡಿಯಿಂದ ಹಬೆ ಬಿಟ್ಟು, ಒಳಗಿನ ಅತಿ ತಣ್ಣನೆ ಜಾಗ 71 ಡಿಗ್ರಿ ಮುಟ್ಟಿದ ಮೇಲೆ 20-30 ನಿಮಿಷ ಹಿಡೀರಿ. ಹೊರಗಿನ ಶೀಟ್ ಬಿಸಿಯಾದ್ರೆ ಲೆಕ್ಕಕ್ಕಿಲ್ಲ, ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ಒಳಗೇ ಇರಲಿ. ಲೋಳೆಯೊಳಗೆ ಸ್ಯಾನಿಟೈಸರ್ ಇಳಿಯಲ್ಲ, ಬಿಸಿ ಇಳಿಯುತ್ತೆ. ಆದ್ರೆ ಸೆನ್ಸರ್, ಕಂಟ್ರೋಲ್ ಬಾಕ್ಸ್ ಮೊದಲೇ ಕಳಚಿ, ಬೇರಿಂಗ್‌ಗೆ ಆಮೇಲೆ ಹೊಸ ಗ್ರೀಸ್. ಕೊಳೆ ಇದ್ದಾಗಲೇ ಹಬೆ ಬಿಟ್ರೆ ಮತ್ತೆ ಅದೇ ಬೆಂದ ಪ್ರೋಟೀನ್ ಕಥೆ.

ಸ್ವಾಬ್ (ಸ್ಪಾಂಜ್‌ನಿಂದ ಒರೆಸಿ ತೆಗೆಯೋ ಪರೀಕ್ಷೆ ಮಾದರಿ) ಬೆಳಗ್ಗೆ ಕೆಲಸ ಶುರುವಾಗೋ ಮುಂಚೆ ಮಾತ್ರ ತೆಗೆದ್ರೆ ನಿಮಗೆ ನೀವೇ ಸುಳ್ಳು ಹೇಳ್ಕೊಂಡ ಹಾಗೆ. ಲೈನ್ 3-4 ಗಂಟೆ ಓಡಿದ ಮೇಲೆ, ಲಿಸ್ಟೀರಿಯಾ ಸಂದಿಯಿಂದ ಹೊರಗೆ ಬಂದಿರೋವಾಗ ತೆಗೀರಿ. ಸ್ಪಾಂಜ್‌ನಲ್ಲಿ ನ್ಯೂಟ್ರಲೈಸರ್ ಇರಲೇಬೇಕು, ಇಲ್ಲಾಂದ್ರೆ ಉಳಿದ ಸ್ಯಾನಿಟೈಸರೇ ನೆಗೆಟಿವ್ ತೋರಿಸುತ್ತೆ. ಎಟಿಪಿ ಮೀಟರ್ (ಜೀವಕೋಶದ ಉಳಿಕೆ ಅಳೆಯೋ ಯಂತ್ರ) ಕೊಳೆ ಹೇಳುತ್ತೆ, ಲಿಸ್ಟೀರಿಯಾ ಹೇಳಲ್ಲ. ರೂಮ್ 4 ಡಿಗ್ರಿ ಇದೆ ಅಂತ ಧೈರ್ಯವೂ ಬೇಡ, ಅದು ಚಳಿಯಲ್ಲೂ ಬೆಳೆಯೋ ಜಾತಿ. ಕೂಲಿಂಗ್ ಯೂನಿಟ್ ಕೆಳಗಿನ ಟ್ರೇ ಯಾವಾಗ ತೊಳೆದ್ರಿ? ಅದರಿಂದ ಹನಿ ಬೆಲ್ಟ್ ಮೇಲೆ ಬೀಳ್ತಿದ್ರೆ ಮೊದಲ ಸ್ವಾಬ್ ಅಲ್ಲಿಂದಲೇ.