ಬ್ಯಾಟರಿ ಬೇಗ ಸಾಯೋದು ಯಾಕೆ? ಲೈನ್ ಇಲ್ಲದ ಮನೆಯ ಸೋಲಾರ್ ಪ್ರಶ್ನೆಗಳು

ಕರೆಂಟ್ ಲೈನ್ ಇಲ್ಲದ ಹಳ್ಳಿ ಮನೆಗೆ ಸೋಲಾರ್ ಹಾಕಿಸಿದವರು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಒಂದೇ ಜಾಗಕ್ಕೆ ಬರುತ್ತವೆ: ಬ್ಯಾಟರಿ. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಹೆಚ್ಚು ಜಾಗ. ಪ್ಯಾನೆಲ್ ಅಂದರೇನು, ಇನ್ವರ್ಟರ್ ಅಂದರೇನು ಅಂತ ಮತ್ತೆ ಬರೆಯುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ನಮ್ಮಲ್ಲಿ 330 ವ್ಯಾಟ್‌ನ ಒಂದು ಪ್ಯಾನೆಲ್, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪಿಡಬ್ಲ್ಯೂಎಂ ಕಂಟ್ರೋಲರ್, 12 ವೋಲ್ಟ್ 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಎರಡು ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಸೀಸದ ಬ್ಯಾಟರಿ, ಇವೆ. ಆರು ಎಲ್‌ಇಡಿ ಬಲ್ಬು, ಎರಡು ಫ್ಯಾನು, ಟಿವಿ ಇದ್ದವು. ಆಮೇಲೆ ಸಣ್ಣ ಫ್ರಿಜ್ ತಂದೆವು. ಎರಡು ವರ್ಷ ತುಂಬುವ ಮೊದಲೇ ಬ್ಯಾಟರಿ ಹೋಯಿತು. ಹೊಸದು ಹಾಕಿಸಿದರೂ ಸಂಜೆಯಾಗುತ್ತಲೇ ಇನ್ವರ್ಟರ್ ಕೂಗಿ ಆಫ್ ಆಗುತ್ತದೆ. ಅಂಗಡಿಯವರು ಮೂರನೇ ಬ್ಯಾಟರಿ ಸೇರಿಸಿ ಅನ್ನುತ್ತಾರೆ. ಸೇರಿಸೋಣವೇ?

ಉತ್ತರ: ಬೇಡ. ಮೂರನೆಯದೂ ಅದೇ ದಾರಿ ಹಿಡಿಯುತ್ತದೆ. ನಿಮ್ಮ ಬ್ಯಾಟರಿ ಕಳಪೆಯಾಗಿರಲಿಲ್ಲ, ಉಪವಾಸ ಬಿದ್ದು ಸತ್ತಿತು.

ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಪೂರ್ತಿ ಚಾರ್ಜ್ ಆದರೆ ಅದು ಬಿಟ್ಟುಹೋಗುತ್ತದೆ. ಅರೆಬರೆ ಚಾರ್ಜಿನಲ್ಲೇ ವಾರಗಟ್ಟಲೆ ಇಟ್ಟರೆ ಗಟ್ಟಿ ಹರಳಾಗಿ ಅಲ್ಲೇ ನಿಂತುಬಿಡುತ್ತದೆ. ಹರಳು ಕೂತಷ್ಟು ಜಾಗ ಮತ್ತೆ ಕೆಲಸ ಮಾಡುವುದಿಲ್ಲ. 150 ಎಎಚ್ ಅಂತ ಬರೆದಿರುವ ಬ್ಯಾಟರಿ ಒಳಗೊಳಗೇ ಸಣ್ಣದಾಗುತ್ತಾ ಹೋಗುತ್ತದೆ.

ಈಗ ನಿಮ್ಮ ಲೆಕ್ಕ ನೋಡೋಣ. ಇಂಥ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಪಾಲಿನಷ್ಟಾದರೂ ಚಾರ್ಜಿಂಗ್ ಕರೆಂಟ್ ಬೇಕು. ಎರಡೂ ಸೇರಿ 300 ಎಎಚ್, ಅಂದರೆ 30 ಆಂಪಿಯರ್. ನಿಮಗೆ ಸಿಗುತ್ತಿರುವುದು ಹೆಚ್ಚೆಂದರೆ 9. ನಿಮ್ಮ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್ ಕೊಡುವಂಥದ್ದು. ಪಿಡಬ್ಲ್ಯೂಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ತರುತ್ತದೆ, ಆಂಪಿಯರ್ ಮಾತ್ರ ಅಷ್ಟೇ ಉಳಿಯುತ್ತದೆ. 330 ವ್ಯಾಟ್‌ಗೆ ದುಡ್ಡು ಕೊಟ್ಟು 120 ವ್ಯಾಟ್ ಕೂಡ ಪಡೆಯುತ್ತಿಲ್ಲ ನೀವು. ಈ ಜೋಡಿ ಮಾಡಿಕೊಟ್ಟವರನ್ನು ನಾನಂತೂ ಮತ್ತೆ ಮನೆಗೆ ಕರೆಯುವುದಿಲ್ಲ. ಎಂಪಿಪಿಟಿ ಕಂಟ್ರೋಲರ್ ಆಗಿದ್ದರೆ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತಿತ್ತು.

ಇನ್ನು ಖರ್ಚಿನ ಕಡೆ. ಹಳೇ ಮಾದರಿಯ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಎರಡು ಫ್ಯಾನು ಎಂಟು ತಾಸು ತಿರುಗಿದರೆ ಅದೇ 1.2 ಯೂನಿಟ್. ಫ್ರಿಜ್ ದಿನಕ್ಕೆ ಒಂದು ಯೂನಿಟ್ ಹತ್ತಿರ. ಬಲ್ಬು, ಟಿವಿ ಸೇರಿ ಅರ್ಧ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಸ್ವಲ್ಪ ತಿನ್ನುತ್ತದೆ, ಕೆಲಸ ಮಾಡುವಾಗ ಇನ್ನಷ್ಟು. ಎಲ್ಲ ಸೇರಿ ಮೂರು ಯೂನಿಟ್ ದಾಟುತ್ತದೆ. ಐದು ತಾಸು ಒಳ್ಳೆ ಬಿಸಿಲು ಅಂದುಕೊಂಡರೂ ನಿಮ್ಮ ಪ್ಯಾನೆಲ್‌ನಿಂದ ಬರುವುದು ಅರ್ಧ ಯೂನಿಟ್ ಚಿಲ್ಲರೆ. ಮೂರನೇ ಬ್ಯಾಟರಿ ಎಲ್ಲಿಂದ ತುಂಬಬೇಕು ಹೇಳಿ?

ಮೊದಲು ಫ್ಯಾನು ಬದಲಿಸಿ. ಕಡಿಮೆ ಕರೆಂಟ್ ಎಳೆಯುವ ಮೋಟರಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್‌ನಲ್ಲಿ ತಿರುಗುತ್ತದೆ. ಪ್ಯಾನೆಲ್ ಕೊಳ್ಳುವುದಕ್ಕಿಂತ ಖರ್ಚು ಇಳಿಸುವುದು ಯಾವತ್ತೂ ಅಗ್ಗ. ಆಮೇಲೆ ಇಂಥದೇ ಇನ್ನೆರಡು ಪ್ಯಾನೆಲ್, ಒಂದು ಎಂಪಿಪಿಟಿ. ಬ್ಯಾಟರಿ ಎರಡೇ ಇರಲಿ, ಆದರೆ ಸೀರೀಸ್‌ನಲ್ಲಿ (ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ) ಜೋಡಿಸಿ 24 ವೋಲ್ಟ್ ಮಾಡಿ. ಇನ್ವರ್ಟರ್ ಕೂಡ 24 ವೋಲ್ಟ್‌ನದೇ ಬೇಕು. ಅಷ್ಟೇ ವ್ಯಾಟ್‌ಗೆ ಕರೆಂಟ್ ಅರ್ಧವಾಗುತ್ತದೆ, ವೈರು ಬಿಸಿಯಾಗುವುದು ತಪ್ಪುತ್ತದೆ. ರಾತ್ರಿ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ ತೆಗೆಯಬೇಡಿ. ಮೋಡದ ದಿನ ಫ್ಯಾನು, ಟಿವಿ ಕಡಿಮೆ ಮಾಡಿ. ಅದನ್ನು ಯಾವ ಸಿಸ್ಟಮ್ಮೂ ತಪ್ಪಿಸುವುದಿಲ್ಲ.

ಈಗಿರುವ ಬ್ಯಾಟರಿ ಉಳಿದಿದೆಯೇ ಅಂತ ನೋಡಲು, ಒಳಗಿನ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತನ್ನಿ. ಪೂರ್ತಿ ಚಾರ್ಜ್ ಮಾಡಿಸಿ ಪ್ರತಿ ಸೆಲ್‌ನಲ್ಲೂ ನೋಡಿ. ಎಲ್ಲ ಸೆಲ್‌ಗಳೂ 1.240ರ ಆಸುಪಾಸು ಬಂದರೆ ಬದುಕಿದೆ. ಒಂದು ಸೆಲ್ ಮಾತ್ರ ಕೆಳಗೇ ಉಳಿದರೆ ಆ ಬ್ಯಾಟರಿಯ ಆಸೆ ಬಿಡಿ. ಹಳೇ ಬ್ಯಾಟರಿಯ ಜೊತೆ ಹೊಸದನ್ನು ಕಟ್ಟಬೇಡಿ, ಹಳೇದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

ಪ್ರಶ್ನೆ: ಬ್ಯಾಟರಿಗೆ ಜೀವ ಬರಿಸುವ ಪುಡಿ ಮಾರುತ್ತಾರೆ. ಆಸಿಡ್ ಕೂಡ ಹಾಕಿಕೊಡುತ್ತಾರೆ. ಹಾಕಿಸಬಹುದೇ?

ಉತ್ತರ: ಪುಡಿ ಮಾರುವವನ ಜೇಬಿಗೆ ಮಾತ್ರ ಜೀವ ಬರುತ್ತದೆ. ಬ್ಯಾಟರಿಯಲ್ಲಿ ಆರುವುದು ನೀರು, ಆಸಿಡ್ ಅಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿ, ಅಷ್ಟೇ. ಆಸಿಡ್ ಸುರಿದರೆ ಹೈಡ್ರೋಮೀಟರ್ ಚೆಂದ ತೋರಿಸುತ್ತದೆ, ಪ್ಲೇಟು ಇನ್ನೂ ಬೇಗ ಹಾಳಾಗುತ್ತದೆ.

ಪ್ರಶ್ನೆ: ಬೆಳದಿಂಗಳಲ್ಲೂ ಚಾರ್ಜ್ ಆಗುವ ಪ್ಯಾನೆಲ್ ಇದೆಯಂತೆ?

ಉತ್ತರ: ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಬೆಳಿಗ್ಗೆ ಮರದ ಕೊಂಬೆಯೊಂದರ ನೆರಳು ಪ್ಯಾನೆಲ್‌ನ ಮೂಲೆಗೆ ಬೀಳುತ್ತದೆ. ಪರವಾಗಿಲ್ಲ ಅಲ್ವಾ?

ಉತ್ತರ: ಪರವಾಗಿದೆ. ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ, ಒಂದಕ್ಕೆ ನೆರಳಾದರೆ ಅದರ ಸಾಲಿನ ಕರೆಂಟೂ ಇಳಿಯುತ್ತದೆ. ಕೊಂಬೆ ಕಡಿಯಿರಿ, ಇಲ್ಲವೇ ಪ್ಯಾನೆಲ್ ಜರುಗಿಸಿ.

ಪ್ರಶ್ನೆ: ಜಾಗ ಇಲ್ಲ, ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡಬಹುದೇ? ಪ್ಯಾನೆಲ್ ಲೈನಿಗೆ ಮನೆಯ ಮಾಮೂಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಸಾಕೇ?

ಉತ್ತರ: ಎರಡಕ್ಕೂ ಬೇಡ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಗಾಳಿಯಾಡುವ, ಬಿಸಿಲು ತಾಗದ ಕಡೆ ಇಡಿ. ಎಂಸಿಬಿ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲನೇ. ಮನೆಯ ಮಾಮೂಲಿ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನೇ ಆರುತ್ತದೆ. ಪ್ಯಾನೆಲ್‌ನಿಂದ ಬರುವ ಡಿಸಿ ಹಾಗೆ ಇಳಿಯುವುದಿಲ್ಲ, ಕಿಡಿ ಹೊತ್ತಿಕೊಂಡೇ ಇದ್ದು ಎಂಸಿಬಿ ಕರಗಬಹುದು. ಡಿಸಿ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಬ್ಯಾಟರಿಯ ಪಾಸಿಟಿವ್ ತುದಿಗೆ ಹತ್ತಿರದಲ್ಲೇ ಒಂದು ಫ್ಯೂಸ್ ಕೂಡ ಹಾಕಿಸಿ. ಎಲೆಕ್ಟ್ರಿಷಿಯನ್ ‘ಏನೂ ಆಗಲ್ಲ’ ಅಂದರೆ ಬೇರೆಯವರನ್ನು ಕರೆಸಿ.