ನಿಮ್ಮ ಲೇಖನದಲ್ಲಿ ಭೂತಾನ್ ಏನೂ ಮಾಡುವುದಿಲ್ಲ

ಆತ್ಮೀಯರೇ, ನಮಸ್ಕಾರ.

ನೀವು ಕಳಿಸಿದ ‘ಇಬ್ಬರು ದೈತ್ಯರ ನಡುವೆ ಪುಟ್ಟ ಭೂತಾನ್’ ಲೇಖನ ಓದಿದೆ. ಈಗಿನ ರೂಪದಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಪತ್ರದ ಕೊನೆತನಕ ನೀವು ಅದೊಂದನ್ನೇ ಹುಡುಕುತ್ತಾ ಓದುತ್ತೀರಿ. ಆದರೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವ ಬರಹವೂ ಇದಲ್ಲ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪೆನ್ಸಿಲ್ ಹಿಡಿದು ಒಂದು ಕೆಲಸ ಮಾಡಿದೆ. ನಿಮ್ಮ ಲೇಖನದಲ್ಲಿ ಯಾರು ಏನು ಮಾಡಿದರು ಅಂತ ಗುರುತು ಹಾಕುತ್ತಾ ಹೋದೆ. ಭಾರತ ರಸ್ತೆ ಮಾಡಿಸಿತು, ಭಾರತ ಅಣೆಕಟ್ಟು ಕಟ್ಟಿಸಿತು, ಚೀನಾ ಒತ್ತುವರಿ ಮಾಡಿತು, ಚೀನಾ ಹಳ್ಳಿ ಕಟ್ಟಿತು, ಭಾರತ ತಡೆಯಿತು. ಭೂತಾನ್? ‘ಸಿಲುಕಿದೆ’, ‘ನರಳುತ್ತಿದೆ’, ‘ಆತಂಕದಲ್ಲಿದೆ’. ಪಾಪ, ಏನೂ ಮಾಡುವುದಿಲ್ಲ. ಎಂಟು ಲಕ್ಷದೊಳಗಿನ ಜನ ಇರುವ ದೇಶ, ಎರಡು ದೊಡ್ಡ ದೇಶಗಳ ನಡುವೆ ಸಾಮ್ರಾಜ್ಯಗಳ ಕಾಲದಿಂದ ಉಳಿದುಕೊಂಡು ಬಂದಿದೆ. ಪಕ್ಕದ ಟಿಬೆಟ್ ಹೋಯಿತು, ಸಿಕ್ಕಿಂ 1975ರಲ್ಲಿ ಭಾರತದ ರಾಜ್ಯವಾಯಿತು. ಭೂತಾನ್ 1971ರಲ್ಲೇ ವಿಶ್ವಸಂಸ್ಥೆಯಲ್ಲಿ ಕುರ್ಚಿ ಹಿಡಿದು ಕೂತಿತ್ತು. ಇದು ಸುಮ್ನೆ ಕೂತವರಿಗೆ ಆಗುವ ಕೆಲಸ ಅಲ್ಲ ಅಲ್ವಾ?

ನೆಹರೂ 1958ರಲ್ಲಿ ಪಾರೋಗೆ ಹೋದ ಪ್ರಯಾಣದಿಂದ ಶುರು ಮಾಡಿದ್ದೀರಿ. ಒಳ್ಳೆಯ ಆಯ್ಕೆ. ಆದರೆ ಕುದುರೆ, ಹಿಮ, ಕಣಿವೆ ಅಂತ ವರ್ಣನೆ ಮುಗಿಸಿ ಮುಂದಕ್ಕೆ ಓಡಿದ್ದೀರಿ. ಅಸಲು ವಿಷಯ ದಾರಿಯಲ್ಲಿದೆ. ಭಾರತದ ಪ್ರಧಾನಿ ಸಿಕ್ಕಿಂನಿಂದ ನಾಥು ಲಾ ದಾಟಿ, ಆಗಲೇ ಚೀನಾ ಹಿಡಿತದಲ್ಲಿದ್ದ ಟಿಬೆಟ್ಟಿನ ಚುಂಬಿ ಕಣಿವೆ ಹಾದು ಭೂತಾನ್‌ಗೆ ಹೋದರು. ದಕ್ಷಿಣದ ಕಡೆಯಿಂದ ಮೋಟಾರು ರಸ್ತೆ ಇರಲಿಲ್ಲ. ಭೂತಾನ್‌ನ ಹಳೆಯ ವ್ಯಾಪಾರ, ಮಠಗಳ ನಂಟು, ಎಲ್ಲವೂ ಉತ್ತರಕ್ಕೆ, ಟಿಬೆಟ್ ಕಡೆಗೆ ಇತ್ತು. 1959ರಲ್ಲಿ ಟಿಬೆಟ್‌ನ ದಂಗೆ ಹತ್ತಿಕ್ಕಿದ ಮೇಲೆ ಭೂತಾನ್ ಆ ಬಾಗಿಲು ಮುಚ್ಚಿತು. 1961ರಲ್ಲಿ ಭಾರತದ ಹಣದಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭಿಸಿತು. ಮರುವರ್ಷ ಭಾರತದ ಗಡಿಗಂಟಿದ ಫುಂಟ್‌ಶೋಲಿಂಗ್‌ನಿಂದ ಬೆಟ್ಟ ಹತ್ತುವ ರಸ್ತೆ ತೆರೆಯಿತು. ಒಂದು ದೇಶ ತಾನು ಮುಖ ಮಾಡಿದ್ದ ದಿಕ್ಕನ್ನೇ ಬದಲಿಸಿತು. ರಸ್ತೆ ಮಾಡಿದ್ದು ಭಾರತದ ಗಡಿ ರಸ್ತೆ ಸಂಸ್ಥೆಯ ದಂತಕ್ ಪಡೆ, ನಿಜ. ಆದರೆ ರಸ್ತೆ ಬರಲಿ ಅಂತ ತೀರ್ಮಾನಿಸಿದ್ದು ಥಿಂಪು, ಅಂದರೆ ಭೂತಾನ್ ಸರ್ಕಾರ. ನಿಮ್ಮ ಲೇಖನದ ಮೊದಲ ಭಾಗ ಇದಾಗಬೇಕು.

ಭಾರತ–ಭೂತಾನ್ ನಡುವಿನ 1949ರ ಒಪ್ಪಂದದ ಬಗ್ಗೆ ಎರಡು ಪುಟ ಬೇಡ. ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯುತ್ತೇನೆ ಎಂದು ಎರಡನೇ ವಿಧಿಯಲ್ಲಿ ಭೂತಾನ್ ಒಪ್ಪಿತ್ತು, 2007ರಲ್ಲಿ ಆ ಮಾತು ತೆಗೆದು ಹೊಸ ಒಪ್ಪಂದ ಮಾಡಿಕೊಂಡರು. ಇಷ್ಟು ಸಾಕು. ಅದರ ಬದಲು, ಆ ವಿಧಿ ಇನ್ನೂ ಜಾರಿಯಲ್ಲಿದ್ದಾಗಲೇ ಭೂತಾನ್ ಏನೇನು ಮಾಡಿತು ಅಂತ ಬರೆಯಿರಿ. 1979ರ ಹವಾನಾ ಅಲಿಪ್ತ ಸಮ್ಮೇಳನದಲ್ಲಿ ಕಾಂಬೋಡಿಯಾದ ಕುರ್ಚಿ ಯಾರಿಗೆ ಎಂಬ ವಿಷಯದಲ್ಲಿ ಭಾರತದ ನಿಲುವಿಗೆ ಕೈಯೆತ್ತಲಿಲ್ಲ. ಭಾರತ ಮುಟ್ಟದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ 1985ರಲ್ಲಿ ಸೇರಿತು. 1984ರಿಂದ ಚೀನಾ ಜತೆ ಗಡಿ ಮಾತುಕತೆಯನ್ನು ತಾನೇ ನೇರವಾಗಿ ನಡೆಸಿತು. ಇವು ಯಾವುವೂ ನಿಮ್ಮಲ್ಲಿಲ್ಲ. ಹಾಗಾಗಿಯೇ ಮೂರನೇ ಪುಟದಲ್ಲಿ ಭೂತಾನ್ ‘ಭಾರತದ ಕೈಗೊಂಬೆ’, ಒಂಬತ್ತನೇ ಪುಟದಲ್ಲಿ ‘ಬೆನ್ನಿಗೆ ಚೂರಿ ಹಾಕಲು ಹೊರಟ ದೇಶ’ ಆಗಿದೆ. ಎರಡರಲ್ಲಿ ಯಾವುದು? ಎರಡೂ ಅಲ್ಲ ಅಂತ ನನಗನ್ನಿಸುತ್ತದೆ, ಆದರೆ ಲೇಖಕರು ನೀವು.

ಈಗ ಡೋಕ್ಲಾಂ. ಅರ್ಧ ಲೇಖನ ಅದೇ ಆಗಿದೆ. 2017ರಲ್ಲಿ ಭಾರತ, ಚೀನಾ ಸೈನಿಕರು ಅಲ್ಲಿ ಎದುರುಬದುರು ನಿಂತ ಆ 73 ದಿನ ನಮ್ಮ ಟಿವಿ ಚಾನೆಲ್‌ಗಳು ಹೇಳಿದ್ದನ್ನೇ ನೀವು ಚೆನ್ನಾದ ಕನ್ನಡದಲ್ಲಿ ಬರೆದಿದ್ದೀರಿ. ಜಗಳ ನಡೆದ ಜಾಗ ಭೂತಾನ್ ತನ್ನದೆನ್ನುವ ನೆಲ. ಅವರು ಏನಂದರು? ಜೂನ್ 29ರಂದು ಒಂದು ಪತ್ರಿಕಾ ಹೇಳಿಕೆ ಕೊಟ್ಟರು. ನಮ್ಮ ನೆಲದಲ್ಲಿ ರಸ್ತೆ ಮಾಡುತ್ತಿದ್ದೀರಿ, ಇದು ಗಡಿಯಲ್ಲಿ ಯಥಾಸ್ಥಿತಿ ಕಾಯುವ 1988 ಮತ್ತು 1998ರ ಒಪ್ಪಂದಗಳಿಗೆ ವಿರುದ್ಧ, ಮೊದಲಿನ ಸ್ಥಿತಿಗೆ ಹೋಗಿ ಅಂತ ಚೀನಾಕ್ಕೆ ಅಂದರು. ಆಮೇಲೆ ಹೆಚ್ಚೂಕಡಿಮೆ ಬಾಯಿ ಮುಚ್ಚಿಕೊಂಡರು. ಆ ಮೌನವನ್ನು ನೀವು ‘ಹೆದರಿಕೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಚೀನಾ 1990ರ ದಶಕದಲ್ಲಿ ಇಟ್ಟ ಪ್ರಸ್ತಾಪ ನೋಡಿ. ಉತ್ತರದ ಪಾಸಮ್‌ಲುಂಗ್, ಜಕರ್‌ಲುಂಗ್ ಕಣಿವೆಗಳ 495 ಚದರ ಕಿಲೋಮೀಟರ್ ಮೇಲಿನ ಹಕ್ಕು ಬಿಡುತ್ತೇವೆ, ಪಶ್ಚಿಮದ 269 ಚದರ ಕಿಲೋಮೀಟರ್ ನಮಗೆ ಬಿಡಿ ಅಂತ. ಲೆಕ್ಕದಲ್ಲಿ ಭೂತಾನ್‌ಗೇ ಲಾಭ. ಆದರೆ ಪಶ್ಚಿಮದ ಆ ನೆಲದಲ್ಲಿ ಡೋಕ್ಲಾಂ ಇದೆ. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಸಿಲಿಗುರಿಯ ಕಿರಿದಾದ ಪಟ್ಟಿ, ಈಶಾನ್ಯ ರಾಜ್ಯಗಳಿಗೆ ಭಾರತದ ದಾರಿ. ತನ್ನ ಮನೆ ಲೆಕ್ಕ ಒಂದು, ಪಕ್ಕದ ಮನೆಯವರ ಭಯ ಇನ್ನೊಂದು. ಎರಡನ್ನೂ ತೂಗಿಸುತ್ತಾ ಇಷ್ಟು ವರ್ಷ ‘ಹೂಂ’ ಅನ್ನದೆ, ‘ಊಹೂಂ’ ಅಂತಲೂ ಅನ್ನದೆ ಮಾತುಕತೆ ಎಳೆದದ್ದು ಹೆದರಿಕೆಯೋ ಜಾಣತನವೋ? ಓದುಗರಿಗೆ ಬಿಡಿ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಲೋಟೆ ತ್ಶೆರಿಂಗ್ ಬೆಲ್ಜಿಯಂನ ಪತ್ರಿಕೆಯೊಂದಕ್ಕೆ, ಇದನ್ನು ಬಗೆಹರಿಸುವುದು ಭೂತಾನ್ ಒಂದರ ಕೈಯಲ್ಲಿಲ್ಲ, ಮೂರು ದೇಶಗಳಿವೆ, ದೊಡ್ಡದು ಚಿಕ್ಕದು ಅಂತಿಲ್ಲ, ಮೂರೂ ಸಮ ಎಂಬರ್ಥದ ಮಾತು ಹೇಳಿದರು. ಅದನ್ನು ‘ದ್ರೋಹ’ ಅಂದಿದ್ದೀರಿ. ಆ ಪದ ತೆಗೆಯಿರಿ. ಗಡಿ ಅವರದು, ಮಾತೂ ಅವರದು.

ಸಾಲದ ಭಾಗಕ್ಕೆ ಬರುತ್ತೇನೆ. ಇಲ್ಲಿ ನಿಮ್ಮದು ಅಭಿಪ್ರಾಯದ ತೊಂದರೆ ಅಲ್ಲ, ಲೆಕ್ಕದ ತೊಂದರೆ. ‘ಶ್ರೀಲಂಕಾದಂತೆ ಭೂತಾನ್ ಕೂಡ ಸಾಲದ ಬಲೆಯಲ್ಲಿ’ ಎಂದು ಬರೆದಿದ್ದೀರಿ. ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟದ್ದು ನಿಜ. ಆದರೆ 2022ರಲ್ಲಿ ಶ್ರೀಲಂಕಾ ಸಾಲ ತೀರಿಸಲಾಗದೆ ಕೂತಾಗ ಅದರ ವಿದೇಶಿ ಸಾಲದ ದೊಡ್ಡ ತುಂಡು ಚೀನಾದ್ದಲ್ಲ. ಅದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಎತ್ತಿದ ಡಾಲರ್ ಬಾಂಡ್. ಭೂತಾನ್ ಕಥೆ ಪೂರಾ ಬೇರೆ. ಅದರ ಸಾಲದ ದೊಡ್ಡ ಪಾಲು ಜಲವಿದ್ಯುತ್ ಯೋಜನೆಗಳದ್ದು, ಸಾಲ ಕೊಟ್ಟದ್ದು ಭಾರತ, ಸಾಲ ಇರುವುದು ರೂಪಾಯಿಯಲ್ಲಿ, ಕರೆಂಟ್ ಕೊಳ್ಳುವುದೂ ಭಾರತವೇ, ಅದೂ ರೂಪಾಯಿಯಲ್ಲೇ. ಸಾಲ ಕೊಟ್ಟವರು, ಗಿರಾಕಿ, ಗುತ್ತಿಗೆದಾರ ಮೂವರೂ ಒಬ್ಬರೇ ಆದರೆ ಏನಾಗುತ್ತದೆ? ಅದು ನಿಮ್ಮ ಪ್ರಶ್ನೆ ಆಗಬೇಕು.

ಉತ್ತರ ಒಂದೇ ಥರ ಇಲ್ಲ. 1980ರ ದಶಕದ ಚುಖಾ, 336 ಮೆಗಾವಾಟ್, ಭಾರತದ ಹಣದಲ್ಲಿ ಬಂತು: 60 ಭಾಗ ಅನುದಾನ, 40 ಭಾಗ ಸಾಲ. ಭೂತಾನ್ ಖಜಾನೆಗೆ ಅದರಿಂದ ಕೈತುಂಬಾ ಹಣ ಬಂತು. ಆಮೇಲೆ ತಾಲಾ, 1,020 ಮೆಗಾವಾಟ್, ಅದೇ ಲೆಕ್ಕ. 2019ರಲ್ಲಿ ಉದ್ಘಾಟನೆಯಾದ ಮಾಂಗ್ದೆಛು ಹೊತ್ತಿಗೆ ಲೆಕ್ಕ ತಿರುಗಿತ್ತು: 30 ಅನುದಾನ, 70 ಸಾಲ, ಬಡ್ಡಿಯೂ ಜಾಸ್ತಿ. ಪುನತ್ಸಾಂಗ್‌ಛು ಒಂದನೇ ಯೋಜನೆಯಲ್ಲಿ 2013ರಲ್ಲಿ ಅಣೆಕಟ್ಟಿನ ಜಾಗದ ಗುಡ್ಡವೇ ಜರುಗಿತು. ವರ್ಷಗಟ್ಟಲೆ ಕೆಲಸ ಕುಂಟಿತು, ಖರ್ಚು ಮೊದಲ ಅಂದಾಜಿನ ಎರಡೂವರೆ ಪಟ್ಟು ದಾಟಿತು. ಆ ಹೆಚ್ಚಿನ ಖರ್ಚಿನಲ್ಲೂ ಸಾಲದ ಪಾಲು ಇದೆ. ಇನ್ನೊಂದು ವಿಷಯ ನೀವು ಗಮನಿಸಿಲ್ಲ. ಈ ಯೋಜನೆಗಳಲ್ಲಿ ನೀರು ಕೂಡಿಡುವ ದೊಡ್ಡ ಜಲಾಶಯ ಇಲ್ಲ, ಹರಿಯುವ ನೀರಿಗೇ ಟರ್ಬೈನ್. ಮಳೆಗಾಲದಲ್ಲಿ ಕರೆಂಟ್ ಉಕ್ಕುತ್ತದೆ. ಚಳಿಗಾಲದಲ್ಲಿ ನದಿ ಸೊರಗುತ್ತದೆ, ಆಗ ಕರೆಂಟ್ ಮಾರುವ ದೇಶ ಭಾರತದಿಂದಲೇ ಕರೆಂಟ್ ಕೊಳ್ಳುತ್ತದೆ!

ಇದಕ್ಕೆ ಭೂತಾನ್ ಕಂಡುಕೊಂಡ ಒಂದು ದಾರಿ ಕೇಳಿದರೆ ನಗು ಬರುತ್ತದೆ. ಸರ್ಕಾರದ ಹೂಡಿಕೆ ಸಂಸ್ಥೆ ಡ್ರುಕ್ ಹೋಲ್ಡಿಂಗ್ ಅಗ್ಗದ ಕರೆಂಟ್ ಉರಿಸಿ ಬಿಟ್‌ಕಾಯಿನ್ ಗಣಿಗಾರಿಕೆ ಮಾಡಿತು. 2023ರಲ್ಲಿ ಸುದ್ದಿ ಹೊರಗೆ ಬಂದಾಗ ಪ್ರಪಂಚ ಹುಬ್ಬೇರಿಸಿತು. ತಂತಿ ಹೋಗುವುದು ಭಾರತಕ್ಕೆ ಮಾತ್ರ, ಗಿರಾಕಿ ಒಬ್ಬನೇ. ಕರೆಂಟನ್ನು ಬಿಟ್‌ಕಾಯಿನ್ ಮಾಡಿಬಿಟ್ಟರೆ ಡಾಲರ್ ಕೊಡುವವರಿಗೆ ಯಾರಿಗೆ ಬೇಕಾದರೂ ಮಾರಬಹುದು. ಬಿಟ್‌ಕಾಯಿನ್ ಬಗ್ಗೆ ನನಗೇನೂ ಪ್ರೀತಿ ಇಲ್ಲ. ಆದರೆ ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಿಮ್ಮ ಲೇಖನದ ಅತ್ಯುತ್ತಮ ಸಾಲು ನಾಲ್ಕನೇ ಪುಟದಲ್ಲಿದೆ. ಥಿಂಪು ತರಕಾರಿ ಮಾರುಕಟ್ಟೆಯಲ್ಲಿ ನೀವು ರೂಪಾಯಿ ನೋಟು ಕೊಟ್ಟಿರಿ, ಅಂಗಡಿಯಾಕೆ ಭೂತಾನ್ ನೋಟು ನ್ಗುಲ್ಟ್ರಮ್‌ನಲ್ಲಿ ಚಿಲ್ಲರೆ ಕೊಟ್ಟರು. ಬರೆದು ಅಲ್ಲಿಗೇ ಬಿಟ್ಟು ಬೆಟ್ಟ ಹತ್ತಲು ಹೋಗಿಬಿಟ್ಟಿರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು. ಅವರ ನೋಟು ಬಂದದ್ದು 1974ರಲ್ಲಿ, ಅಂದಿನಿಂದ ಒಂದಕ್ಕೊಂದು ರೂಪಾಯಿಗೆ ಕಟ್ಟಿದ್ದಾರೆ. ರೂಪಾಯಿ ಅಲ್ಲಿ ನಡೆಯುತ್ತದೆ, ಅವರ ನೋಟು ಗಡಿಯ ಜೈಗಾಂವ್ ಬಿಟ್ಟು ಒಳಗೆ ಬಂದರೆ ಇಲ್ಲಿ ನಡೆಯುವುದಿಲ್ಲ. ಭೂತಾನ್ ತನ್ನ ನೋಟು ಮುದ್ರಿಸಬಹುದು, ರೂಪಾಯಿ ಮುದ್ರಿಸಲಾರದು. ಅಕ್ಕಿ, ಪೆಟ್ರೋಲ್, ಸಿಮೆಂಟ್ ಎಲ್ಲಕ್ಕೂ ರೂಪಾಯಿ ಬೇಕು. 2012ರಲ್ಲಿ ಅಲ್ಲಿ ರೂಪಾಯಿಯೇ ಬರಿದಾಯಿತು. ಅದಕ್ಕೆ ಸ್ವಲ್ಪ ಮೊದಲೇ 20 ಕೋಟಿ ಡಾಲರ್ ಮಾರಿ ರೂಪಾಯಿ ಕೊಂಡಿದ್ದರು, ಸಾಲಲಿಲ್ಲ. ಕಾರಿಗೆ, ಮನೆಗೆ ಬ್ಯಾಂಕ್ ಸಾಲ ನಿಲ್ಲಿಸಿದರು, ವಾಹನ ಆಮದು ತಡೆದರು. ಸಂಬಂಧ ಅಂದರೆ ಏನು ಅಂತ ಆ ತರಕಾರಿ ಅಂಗಡಿಯಲ್ಲಿ ಗೊತ್ತಾಗುತ್ತದೆ, ಶೃಂಗಸಭೆಯ ಫೋಟೋದಲ್ಲಿ ಅಲ್ಲ.

‘ಭಾರತ ಎಂದೂ ಭೂತಾನ್‌ನ ಒಳವ್ಯವಹಾರದಲ್ಲಿ ಕೈ ಹಾಕಿಲ್ಲ’ ಎಂದು ಧೈರ್ಯವಾಗಿ ಬರೆದಿದ್ದೀರಿ. 2013ರ ಜುಲೈ ತಿಂಗಳನ್ನು ಒಮ್ಮೆ ನೋಡಿಕೊಳ್ಳಿ. ಹಿಂದಿನ ವರ್ಷ ಪ್ರಧಾನಿ ಜಿಗ್ಮೆ ಥಿನ್ಲೆ ಬ್ರೆಜಿಲಿನ ರಿಯೋದಲ್ಲಿ ಚೀನಾದ ಪ್ರಧಾನಿಯನ್ನು ಭೇಟಿಯಾಗಿದ್ದರು. ಚುನಾವಣೆಯ ಮೊದಲ ಸುತ್ತಿನಲ್ಲಿ ಅವರ ಪಕ್ಷವೇ ಮುಂದಿತ್ತು. ಜುಲೈ 1ರಿಂದ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತದ ಸಬ್ಸಿಡಿ ನಿಂತಿತು, ಸಿಲಿಂಡರ್ ಬೆಲೆ ದಿಢೀರನೆ ಏರಿತು. ಜುಲೈ 13ಕ್ಕೆ ಎರಡನೇ ಸುತ್ತಿನ ಮತದಾನ. ಥಿನ್ಲೆ ಪಕ್ಷಕ್ಕೆ 47ರಲ್ಲಿ 15 ಸ್ಥಾನ, ಎದುರಾಳಿಗೆ 32. ಹೊಸ ಸರ್ಕಾರ ಬಂದ ಸ್ವಲ್ಪ ದಿನಕ್ಕೆ ಸಬ್ಸಿಡಿಯೂ ಬಂತು. ಪಂಚವಾರ್ಷಿಕ ಯೋಜನೆಯ ಅವಧಿ ಮುಗಿದಿದ್ದರಿಂದ ನಿಂತದ್ದು ಅಂತ ಭಾರತ ಹೇಳಿತು. ಬೇಕೆಂದೇ ಮಾಡಿದ್ದು ಎಂದು ಭೂತಾನ್‌ನಲ್ಲಿ ಬಹಳ ಜನ ನಂಬಿದರು. ಹಾಗಂತ ಸಿಲಿಂಡರ್ ಒಂದೇ ಚುನಾವಣೆ ಸೋಲಿಸಿತು ಅಂತಲೂ ಬರೆಯಬೇಡಿ. ಆ ಪಕ್ಷದ ಗೃಹ ಸಚಿವರಿಗೂ ಸ್ಪೀಕರ್‌ಗೂ ಭೂ ಹಗರಣದಲ್ಲಿ ಅದೇ ವರ್ಷ ಶಿಕ್ಷೆಯಾಗಿತ್ತು, ರೂಪಾಯಿ ಕೊರತೆಯ ಸಿಟ್ಟೂ ಜನರಲ್ಲಿತ್ತು. ಮೂರನ್ನೂ ಪಕ್ಕಪಕ್ಕ ಇಡಿ.

ಅದರ ಬೆನ್ನಿಗೇ ಇನ್ನೊಂದು ಘಟನೆ ಬರಲಿ. 2015ರಲ್ಲಿ ಥಿಂಪುವಿನಲ್ಲೇ ಭೂತಾನ್, ಬಾಂಗ್ಲಾದೇಶ, ಭಾರತ, ನೇಪಾಳ ಕೂತು ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಲಾರಿಗಳು ಗಡಿಯಲ್ಲಿ ನಿಲ್ಲದೆ ಓಡಾಡಬೇಕು ಅನ್ನುವ ಯೋಜನೆ, ದೆಹಲಿಗೆ ಬಹಳ ಇಷ್ಟವಾದದ್ದು. ಭೂತಾನ್‌ನ ಮೇಲ್ಮನೆ ತಿರಸ್ಕರಿಸಿತು. ನಮ್ಮ ಕಿರಿದಾದ ಬೆಟ್ಟದ ರಸ್ತೆ, ನಮ್ಮ ಗಾಳಿ, ನಮ್ಮ ಲಾರಿ ಮಾಲೀಕರ ಹೊಟ್ಟೆಪಾಡು ಏನಾಗಬೇಕು ಅಂತ ಅವರ ಪ್ರಶ್ನೆ. 2017ರಲ್ಲಿ ಸರ್ಕಾರ, ನೀವು ಮೂವರು ಮುಂದುವರಿಯಿರಿ, ನಮ್ಮನ್ನು ಬಿಡಿ ಅಂದಿತು. ಅದು ಡೋಕ್ಲಾಂ ವರ್ಷವೇ ನೋಡಿ. ಚೀನಾದ ಬೆಲ್ಟ್ ಆಂಡ್ ರೋಡ್ ಯೋಜನೆಗೂ ಭೂತಾನ್ ಸೇರಿಲ್ಲ. ಭದ್ರತಾ ಮಂಡಳಿಯ ಐದು ಕಾಯಂ ದೇಶಗಳಲ್ಲಿ ಯಾವುದರ ಜತೆಗೂ ಪೂರ್ಣ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿಲ್ಲ. ಆದರೂ ಕೋವಿಡ್ ವರ್ಷದಲ್ಲಿ ಮೊದಲ ಡೋಸ್ ಭಾರತದಿಂದ ಬಂತು, ಭಾರತದಲ್ಲೇ ಲಸಿಕೆಗೆ ಹಾಹಾಕಾರ ಆದಾಗ ಎರಡನೆಯದಕ್ಕೆ ಅಮೆರಿಕದ ಮಾಡರ್ನಾ ಬಂದಿಳಿಯಿತು.

ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಹಾಕಿದ್ದನ್ನು ‘ಸುಲಿಗೆ’ ಅಂದಿದ್ದೀರಿ. ನಮ್ಮ ಓದುಗರಲ್ಲೂ ಪ್ಯಾಕೇಜ್ ಟೂರ್ ಹೋಗಿಬಂದವರು ಹಾಗೇ ಗೊಣಗುತ್ತಾರೆ, ಬಿಡಿ. ಬೇರೆ ಬಹುತೇಕ ದೇಶದವರು 100 ಡಾಲರ್ ಕೊಡುತ್ತಾರೆ. ಭಾರತೀಯರು 2020ರವರೆಗೆ ಏನೂ ಕೊಡುತ್ತಿರಲಿಲ್ಲ. ದೊಡ್ಡ ನೆರೆಯ ಪ್ರವಾಸಿಗರ ಮೇಲೂ ಶುಲ್ಕ ಹಾಕಬೇಕೆಂದು ಒಂದು ಪುಟ್ಟ ಸರ್ಕಾರ ತೀರ್ಮಾನಿಸಿತು. ಅದೂ ನಿಮ್ಮ ವಿಷಯವೇ.

‘ಸಂತೋಷದ ನಾಡು’ ಎಂಬ ಕೊನೆಯ ಭಾಗವನ್ನು ಹಾಗೇ ಉಳಿಸಬೇಕೆಂದಿದ್ದರೆ, ಒಂದು ಪ್ಯಾರಾ ಸೇರಿಸಲೇಬೇಕು. 1990ರ ಆಸುಪಾಸಿನಲ್ಲಿ ದಕ್ಷಿಣದ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ಭಾರತ ದಾಟಿ ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕೂತರು. ಕೊನೆಗೆ ಹೆಚ್ಚಿನವರು ಅಮೆರಿಕಕ್ಕೆ ಹೋದರು. ದೆಹಲಿ ಇದು ಭೂತಾನ್–ನೇಪಾಳದ ವಿಷಯ ಅಂತ ದೂರ ಉಳಿಯಿತು. ದೊಡ್ಡ ಗೆಳೆಯನಿಂದ ಸಿಗುವ ಲಾಭದಲ್ಲಿ ಇಂಥ ಮೌನವೂ ಒಂದು. ಚಿಕ್ಕ ದೇಶ ಅಂದಮಾತ್ರಕ್ಕೆ ಅದನ್ನು ಮುಗ್ಧ ಮಾಡಬೇಡಿ. ಈಗ ಅಲ್ಲಿನ ಓದಿದ ಹುಡುಗ ಹುಡುಗಿಯರು ಆಸ್ಟ್ರೇಲಿಯಾಕ್ಕೆ ಸಾಲುಗಟ್ಟಿ ಹೋಗುತ್ತಿದ್ದಾರೆ. ಅವರನ್ನು ಉಳಿಸಿಕೊಳ್ಳಲು ಅಸ್ಸಾಂ ಗಡಿಯ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುತ್ತೇವೆ ಅಂತ ರಾಜರು 2023ರ ಡಿಸೆಂಬರ್‌ನಲ್ಲಿ ಸಾರಿದರು. ಕೋಕ್ರಝಾರ್‌ನಿಂದ ಅಲ್ಲಿಗೆ ರೈಲು ಹಾಕಲು ಭಾರತ ಒಪ್ಪಿದೆ. ಆ ಯೋಜನೆ ನಿಮ್ಮಲ್ಲಿ ಒಂದೇ ಸಾಲು. ಅರ್ಧ ಪುಟ ಕೊಡಿ.

ಸಣ್ಣಪುಟ್ಟವು: ಶೀರ್ಷಿಕೆ ಬದಲಿಸಿ. ‘ಡ್ರ್ಯಾಗನ್’ ಅಂತ ಚೀನಾಕ್ಕೆ ಬರೆಯಬೇಡಿ, ಭೂತಾನ್ ಬಾವುಟದ ಮೇಲಿರುವುದೂ ಡ್ರ್ಯಾಗನ್ನೇ, ಓದುಗರು ಗೊಂದಲಕ್ಕೆ ಬೀಳುತ್ತಾರೆ. ‘ತಜ್ಞರ ಪ್ರಕಾರ’ ಅಂತ ಬಂದಲ್ಲೆಲ್ಲ ಆ ತಜ್ಞರು ಯಾರು ಅಂತ ಹೇಳಿ, ಇಲ್ಲದಿದ್ದರೆ ಸಾಲನ್ನೇ ತೆಗೆಯಿರಿ. ಭೂತಾನ್‌ನವರು ಬರೆದದ್ದನ್ನು ಓದಿ. ಅವರ ಪತ್ರಿಕೆ ‘ಕುಯೆನ್ಸೆಲ್’ ಇಂಗ್ಲಿಷಿನಲ್ಲೇ ಬರುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬರೀ ದೆಹಲಿಯ ಅಂಕಣಗಳನ್ನು ನಂಬಿಕೊಂಡರೆ ಮತ್ತೆ ಇದೇ ಲೇಖನ ಬರುತ್ತದೆ.

ಹೊಸ ಪ್ರತಿ 1,800 ಪದದೊಳಗೆ ಇರಲಿ. ಆತುರ ಇಲ್ಲ, ಈ ವಿಷಯ ಹಳಸುವಂಥದ್ದಲ್ಲ. ತರಕಾರಿ ಮಾರುಕಟ್ಟೆಯ ಫೋಟೋ ಇದ್ದರೆ ಕಳಿಸಿ, ಆದರೆ ಆಕೆಯ ಮುಖ ಇರುವುದಾದರೆ ಒಪ್ಪಿಗೆ ಕೇಳಿದ್ದಿರಾ ಅಂತಲೂ ತಿಳಿಸಿ. ತಕ್ತ್‌ಸಾಂಗ್ ಮಠ ಹತ್ತಿದ ಎರಡು ಪುಟಗಳನ್ನು ಇಲ್ಲಿಂದ ಕಿತ್ತು ಪ್ರವಾಸ ಸಂಚಿಕೆಗೆ ಬೇರೆಯಾಗಿ ಕೊಡಿ. ಅದನ್ನು ಹೆಚ್ಚು ತಿದ್ದುವ ಅಗತ್ಯವಿಲ್ಲ.

ವಿಶ್ವಾಸದಿಂದ,
ಸಂಪಾದಕ